ಉಟ್ಟ ಬಟ್ಟೆ, ತೊಟ್ಟ ಧೈರ್ಯ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆ ಕನ್ನಡನಾಡಿನ ಮನೆಮನೆಗಳಲ್ಲಿ ಬಳಕೆಯಲ್ಲಿದೆ. ಉಣ್ಣುವುದು ತನ್ನ ನಾಲಗೆಗಾಗಿ, ಉಡುವುದು ನೋಡುವವರ ಕಣ್ಣಿಗಾಗಿ ಎಂಬುದು ಅದರ ತಾತ್ಪರ್ಯ. ಗಂಡಸಿನ ಮಟ್ಟಿಗೆ ಈ ಮಾತು ಮದುವೆ ಮುಂಜಿಗಳಂದು ನೆನಪಾದರೆ ಹೆಚ್ಚು. ಆದರೆ ಹೆಂಗಸು ಹೊಸಿಲು ದಾಟಿ ಕಚೇರಿಗೋ ಶಾಲೆಗೋ ಆಸ್ಪತ್ರೆಗೋ ದುಡಿಯಲು ಹೊರಟಳೆಂದರೆ, ಆ ‘ಪರರ ಇಚ್ಛೆ’ ಪ್ರತಿದಿನವೂ ಅವಳ ಬೆನ್ನ ಹಿಂದೆಯೇ ಬರುತ್ತದೆ. ತುಸು ಮೆರುಗಿನ ಸೀರೆಯುಟ್ಟರೆ ಷೋಕಿಯೆಂಬ ಹೆಸರು. ಸಾದಾ ಸೀರೆಯುಟ್ಟರೆ ಕಳೆಯಿಲ್ಲವೆಂಬ ಟೀಕೆ. ಚೂಡಿದಾರ ತೊಟ್ಟರೆ ಗಾಂಭೀರ್ಯ ಸಾಲದು. ಷರಾಯಿ ತೊಟ್ಟರಂತೂ ಗಂಡುಬೀರಿ! ಹಾಗಾದರೆ ಉಡುಗೆಯೆಂಬುದು ದುಡಿಯುವ ಹೆಣ್ಣಿಗೆ ಧೈರ್ಯವನ್ನು ಕೊಡುವ ವಸ್ತುವೋ, ಇದ್ದ ಧೈರ್ಯವನ್ನೂ ಕಸಿದುಕೊಳ್ಳುವ ವಸ್ತುವೋ? ಹಾದಿ ತುಳಿದು ತೋರಿಸಿದವರ ಬಾಳಿನಲ್ಲಿ ಇದಕ್ಕೆ ಉತ್ತರವನ್ನು ಅರಸಬಹುದು.

1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾದಾಗ, ಅಲ್ಲಿ ಪಾಠ ಹೇಳಲು ಹೊರಟ ಸಾವಿತ್ರಿಬಾಯಿ ಫುಲೆಯವರಿಗೆ ಹದಿನೇಳರ ಆಸುಪಾಸಿನ ವಯಸ್ಸು. ಹೆಣ್ಣಿಗೆ ಅಕ್ಷರ ಕಲಿಸುವುದು ಅಧರ್ಮವೆಂದು ಬಗೆದ ಜನ ದಾರಿಯಲ್ಲಿ ಅವರ ಮೇಲೆ ಕೆಸರನ್ನೂ ಸೆಗಣಿಯನ್ನೂ ಎರಚುತ್ತಿದ್ದರು. ಆದುದರಿಂದ ಆಕೆ ಮತ್ತೊಂದು ಸೀರೆಯನ್ನು ಜೊತೆಯಲ್ಲಿಟ್ಟುಕೊಂಡೇ ಮನೆಯಿಂದ ಹೊರಡುತ್ತಿದ್ದರು. ಶಾಲೆಯನ್ನು ಸೇರಿದೊಡನೆ ಕೊಳೆಯಾದುದನ್ನು ಬದಲಿಸಿ, ಶುಭ್ರವಾದುದನ್ನುಟ್ಟು ಮಕ್ಕಳ ಮುಂದೆ ನಿಲ್ಲುತ್ತಿದ್ದರು. ಬೀದಿಯ ಅವಮಾನವನ್ನು ಬೀದಿಯಲ್ಲಿಯೇ ಬಿಟ್ಟು ಒಳಗೆ ಕಾಲಿಡಲು ಆ ಎರಡನೆಯ ಸೀರೆ ಅವರಿಗೆ ನೆರವಾಯಿತು. ಅದರ ಅಂಚು ಯಾವುದು, ಬಣ್ಣ ಯಾವುದು ಎಂದು ಯಾರೂ ಬರೆದಿಡಲಿಲ್ಲ. ಬರೆದಿಡಬೇಕಾದ ಅಗತ್ಯವೂ ಇರಲಿಲ್ಲ.

ಉಡುಗೆಯ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಎದುರಿಸಿದವರು ಆನಂದಿಬಾಯಿ ಜೋಶಿ. 1883ರಲ್ಲಿ ವೈದ್ಯವಿದ್ಯೆಗಾಗಿ ಅಮೆರಿಕಕ್ಕೆ ಹೊರಡುವ ಮುನ್ನ ಅವರು ಬಂಗಾಳದ ಸೀರಾಂಪುರದಲ್ಲಿ ನೆರೆದ ಸಭೆಯ ಮುಂದೆ, ತಮ್ಮ ಆಹಾರವನ್ನಾಗಲಿ ಉಡುಪನ್ನಾಗಲಿ ಬದಲಿಸುವುದಿಲ್ಲವೆಂದು ಸಾರಿದ್ದರು. ಆದರೆ ಪೆನ್ಸಿಲ್ವೇನಿಯಾದ ಹಿಮಕ್ಕೆ ಈ ಸಂಕಲ್ಪ ತಿಳಿಯುವುದೆಂತು? ಕಚ್ಚೆ ಕಟ್ಟಿ ಉಡುವ ಮರಾಠಿ ಸೀರೆಯಲ್ಲಿ ಮೀನಖಂಡ ಚಳಿಗಾಳಿಗೆ ತೆರೆದಿರುತ್ತದೆ. ಆನಂದಿಬಾಯಿಯವರು ಸೀರೆಯನ್ನು ತೊರೆಯಲಿಲ್ಲ. ಉಡುವ ಕ್ರಮವನ್ನು ಮಾತ್ರ ಬದಲಿಸಿ, ಕಾಲನ್ನು ಮುಚ್ಚುವ ಗುಜರಾತಿ ರೀತಿಯನ್ನು ಅನುಸರಿಸಿದರು. 1885ರಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಅವರು, ಜಪಾನಿನ ಕೇ ಓಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಮೂವರೂ ತಮ್ಮ ತಮ್ಮ ನಾಡಿನ ಉಡುಗೆಯಲ್ಲಿ ಕಾಣಿಸುತ್ತಾರೆ. ಮರುವರ್ಷ ಆನಂದಿಬಾಯಿ ವೈದ್ಯ ಪದವಿಯನ್ನು ಪಡೆದರು. 1887ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕ್ಷಯ ಅವರನ್ನು ಕೊಂಡೊಯ್ದಿತು. ಉಳಿಸಿಕೊಂಡದ್ದೂ ತಮ್ಮ ಇಚ್ಛೆಯಿಂದ, ಬದಲಿಸಿಕೊಂಡದ್ದೂ ತಮ್ಮ ವಿವೇಕದಿಂದ ಎಂಬುದೇ ಆ ಚಿತ್ರದ ಘನತೆ.

ಇನ್ನೊಂದು ಛಾಯಾಚಿತ್ರ ನಮ್ಮ ಬೆಂಗಳೂರಿನದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆಯನ್ನು ಸೇರಿದಾಗ, ಇಸ್ರೋ ಸಂಸ್ಥೆಯಲ್ಲಿ ಸೀರೆಯುಟ್ಟ ಮಹಿಳೆಯರು ಹರ್ಷೋದ್ಗಾರ ಮಾಡುತ್ತಿದ್ದ ಚಿತ್ರ ಲೋಕವನ್ನೆಲ್ಲ ಸುತ್ತಿತು. ಸೀರೆಗೂ ಗಗನನೌಕೆಗೂ ಎಲ್ಲಿಯ ನಂಟು ಎಂದು ಹಲವರು ಬೆರಗಾದರು. ಅವರೆಲ್ಲ ವಿಜ್ಞಾನಿಗಳೆಂದು ನೋಡಿದವರು ಭಾವಿಸಿದರೂ, ಅವರು ಆಡಳಿತ ವಿಭಾಗದ ಸಿಬ್ಬಂದಿಯೆಂದು ಸಂಸ್ಥೆ ಬಳಿಕ ತಿಳಿಸಿತು. ಹಾಗೆಂದು ಅಲ್ಲಿ ಮಹಿಳಾ ವಿಜ್ಞಾನಿಗಳಿರಲಿಲ್ಲವೆ? ಇದ್ದರು. ರಿತು ಕರಿಧಾಲ್, ನಂದಿನಿ ಹರಿನಾಥ್ ಮೊದಲಾದವರು ಆ ಯೋಜನೆಯಲ್ಲಿ ಹೊಣೆಯ ಸ್ಥಾನಗಳನ್ನು ಹೊತ್ತವರೇ. ಸೀರೆಯುಟ್ಟವಳು ವಿಜ್ಞಾನಿಯಾಗಲಾರಳೆಂದು ಎಣಿಸುವುದು ಎಂತಹ ತಪ್ಪೋ, ಉಡುಗೆಯ ಮೇಲಿನಿಂದಲೇ ಉದ್ಯೋಗವನ್ನು ಊಹಿಸುವುದೂ ಅಂತಹದೇ ತಪ್ಪು. ಕಕ್ಷೆಯ ಲೆಕ್ಕ ಸೀರೆಗೆ ಒಂದು ಬಗೆ, ಷರಾಯಿಗೆ ಒಂದು ಬಗೆಯಾಗಿ ಬರುವುದಿಲ್ಲ.

ಆದರೆ ಓಟದ ಲೆಕ್ಕ ಹಾಗಲ್ಲ. ಕಳ್ಳನ ಬೆನ್ನಟ್ಟಬೇಕಾದ ಪೊಲೀಸಿನವಳಿಗೆ ನೆರಿಗೆ ಕಾಲಿಗೆ ತೊಡರಿದರೆ ಗತಿಯೇನು? ಕರ್ನಾಟಕದಲ್ಲಿ ಬಹುಕಾಲ ಮಹಿಳಾ ಪೊಲೀಸರು ಖಾಕಿ ಸೀರೆಯುಟ್ಟು ಕೆಲಸ ಮಾಡುತ್ತಿದ್ದರು. 2018ರಲ್ಲಿ, ರಾಜ್ಯ ಪೊಲೀಸ್ ಪಡೆಯ ಪ್ರಥಮ ಮಹಿಳಾ ಮುಖ್ಯಸ್ಥೆ ನೀಲಮಣಿ ರಾಜು ಅವರ ಕಾಲದಲ್ಲಿ, ಸೀರೆಯ ಬದಲು ಖಾಕಿ ಷರಾಯಿ ಮತ್ತು ಅಂಗಿಯನ್ನು ತೊಡಬೇಕೆಂಬ ಆದೇಶ ಹೊರಟಿತು. ಅದೇ ಸೀರೆ ಒಂದೆಡೆ ಗೌರವ, ಇನ್ನೊಂದೆಡೆ ತೊಡಕು. ಗುಣ ಬಟ್ಟೆಯಲ್ಲಿಲ್ಲ, ಬಟ್ಟೆಗೂ ಕೆಲಸಕ್ಕೂ ಇರುವ ಹೊಂದಿಕೆಯಲ್ಲಿದೆ.

ಉಟ್ಟ ಬಟ್ಟೆ ಮನಸ್ಸಿನ ಮೇಲೂ ಪರಿಣಾಮ ಬೀರುತ್ತದೆಯೆ ಎಂಬುದನ್ನು ಮನೋವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಹಾಜೋ ಆಡಮ್ ಮತ್ತು ಆಡಮ್ ಗಲಿನ್ಸ್ಕಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಪ್ರಯೋಗದಲ್ಲಿ, ಒಂದೇ ಬಗೆಯ ಬಿಳಿಯ ಕೋಟನ್ನು ಕೆಲವರಿಗೆ ವೈದ್ಯರದೆಂದೂ ಕೆಲವರಿಗೆ ಚಿತ್ರಕಾರರದೆಂದೂ ಹೇಳಿ ತೊಡಿಸಲಾಯಿತು. ವೈದ್ಯರದೆಂದು ನಂಬಿ ತೊಟ್ಟವರ ಅವಧಾನ ಹೆಚ್ಚು ಚುರುಕಾಗಿತ್ತಂತೆ. ಇದೇ ಅಧ್ಯಯನದ ಮತ್ತೊಂದು ಪ್ರಯೋಗವನ್ನು 2019ರಲ್ಲಿ ಬೇರೆಯವರು ಮರಳಿ ಮಾಡಿದಾಗ ಹಿಂದಿನ ಫಲ ದೊರೆಯಲಿಲ್ಲ. ಆದುದರಿಂದ ಬಟ್ಟೆಯೊಂದೇ ಬುದ್ಧಿಯನ್ನು ಬೆಳಗುತ್ತದೆಂದು ನಂಬಿ ಅಂಗಡಿಗೆ ಧಾವಿಸಬೇಕಾಗಿಲ್ಲ.

ಮನೆಯ ಮಗಳೋ ಸೊಸೆಯೋ ಮೊದಲ ದಿನ ಉದ್ಯೋಗಕ್ಕೆ ಹೊರಡುವಾಗ ಹಿರಿಯರು ಏನು ಹೇಳಬೇಕು? “ಜನ ಏನೆಂದಾರು?” ಎಂಬ ಪ್ರಶ್ನೆಯನ್ನು ಆ ಒಂದು ದಿನವಾದರೂ ಅವರು ನುಂಗಿಕೊಳ್ಳುವುದು ಲೇಸು. ಅದರ ಬದಲು ಅವಳೇ ತನ್ನ ಉಡುಗೆಯನ್ನು ಪರೀಕ್ಷಿಸಿಕೊಳ್ಳಲಿ. ಅದನ್ನು ತೊಟ್ಟು ನೂಕುನುಗ್ಗಲಿನ ಬಸ್ಸನ್ನು ಹತ್ತಬಹುದೆ? ಕೈಯೆತ್ತಿ ಕಪ್ಪು ಹಲಗೆಯ ತುದಿಯವರೆಗೆ ಬರೆಯಬಹುದೆ? ಸಭೆಯಲ್ಲಿ ಎದ್ದುನಿಂತು ಮಾತನಾಡುವಾಗ ಕೈ ಪದೇಪದೇ ಸೆರಗಿನ ಕಡೆಗೆ ಹೋಗದಿರುವುದೆ? ಹೌದೆಂದಾದರೆ, ಅದು ನೂಲಿನ ಸೀರೆಯಾಗಲಿ, ಚೂಡಿದಾರವಾಗಲಿ, ಷರಾಯಿಯಾಗಲಿ, ಅವಳಿಗೆ ತಕ್ಕುದೇ. ಸೆರಗನ್ನು ಸರಿಪಡಿಸುವ ಚಿಂತೆಯಲ್ಲಿ ಕಳೆದ ಗಮನ ಅಷ್ಟೂ ಕೆಲಸದಿಂದ ಕಳೆದದ್ದೇ ಸರಿ.

ಕೆಲಸ ಆರಂಭವಾದೊಡನೆ ಉಟ್ಟವಳಿಗೆ ಮರೆತುಹೋಗುವ ಉಡುಗೆಯೇ ಉತ್ತಮವಾದ ಉಡುಗೆ. ಅವಳು ಮರೆತಿದ್ದನ್ನು ಸುತ್ತಲಿನವರೂ ಮರೆತು ಅವಳ ಮಾತಿಗೆ ಕಿವಿಗೊಟ್ಟ ದಿನ, ‘ನೋಟ ಪರರಿಚ್ಛೆ’ ಎಂಬ ಹಳೆಯ ಗಾದೆಗೆ ಹೊಸ ಅರ್ಥ ಬಂದೀತು.