ಘಟ್ಟ ಒಂದೇ, ಅಳತೆ ಎರಡು

ವಿಜ್ಞಾನಿಗಳು ರಾಜಕೀಯದಿಂದ ದೂರವಿರಬೇಕು ಎಂಬ ಉಪದೇಶ ಪಶ್ಚಿಮ ಘಟ್ಟದ ಚರ್ಚೆಯಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಘಟ್ಟದ ಅಳತೆಯೇ ಆ ಉಪದೇಶಕ್ಕೆ ಒಗ್ಗುವುದಿಲ್ಲ. ಘಟ್ಟದ ಪರಿಸರ ರಕ್ಷಣೆಯ ಬಗ್ಗೆ 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿಗೆ ಘಟ್ಟದ ವಿಸ್ತೀರ್ಣ ಸುಮಾರು 1.29 ಲಕ್ಷ ಚದರ ಕಿಲೋಮೀಟರ್. 2013ರ ಕಸ್ತೂರಿರಂಗನ್ ಸಮಿತಿಗೆ ಅದೇ ಘಟ್ಟ 1.64 ಲಕ್ಷ. ಯಾರೂ ತಪ್ಪು ಅಳೆಯಲಿಲ್ಲ. ಘಟ್ಟ ಎಲ್ಲಿ ಮುಗಿಯುತ್ತದೆ ಎಂಬುದನ್ನು ಉಪಗ್ರಹ ಹೇಳುವುದಿಲ್ಲ, ಮನುಷ್ಯರು ತೀರ್ಮಾನಿಸುತ್ತಾರೆ.

ಗಾಡ್ಗೀಳರು ಇಡೀ ಘಟ್ಟವನ್ನೇ ಸೂಕ್ಷ್ಮವೆಂದು ಕರೆದು, ಮೂರು ವಲಯಗಳಾಗಿ ವಿಂಗಡಿಸಿ, ಅಂತಿಮ ಗಡಿಯನ್ನು ಗ್ರಾಮಸಭೆಗಳ ಜೊತೆ ಕೂತು ಗುರುತಿಸಬೇಕೆಂದರು. ಕಸ್ತೂರಿರಂಗನ್ ಸಮಿತಿ ತೋಟ, ಗದ್ದೆ, ಊರುಗಳನ್ನು ಬಹುಮಟ್ಟಿಗೆ ಬಿಟ್ಟು ಸುಮಾರು ಶೇ 37ರಷ್ಟು ಭಾಗಕ್ಕೆ ಮಾತ್ರ ರಕ್ಷಣೆ ಸೂಚಿಸಿತು. ಎರಡರಲ್ಲೂ ಮೌಲ್ಯಗಳಿವೆ, ಮೊದಲನೆಯದು ಅವನ್ನು ಬಚ್ಚಿಡಲಿಲ್ಲ ಎಂಬುದು ನಮಗೆ ಮೆಚ್ಚುಗೆಯಾಗುವ ಸಂಗತಿ. ಬಚ್ಚಿಟ್ಟದ್ದು ಕೇಂದ್ರ ಸರ್ಕಾರ: ಗಾಡ್ಗೀಳ್ ವರದಿ ಜನರ ಕೈಗೆ ಬರಲು ಮಾಹಿತಿ ಹಕ್ಕಿನ ಹೋರಾಟವೇ ಬೇಕಾಯಿತು. ಗ್ರಾಮಸಭೆಗೆ ಕನ್ನಡದಲ್ಲಿ ತಲುಪಬೇಕಿದ್ದ ವಿವರಗಳ ಜಾಗದಲ್ಲಿ ಒಕ್ಕಲೆಬ್ಬಿಸುತ್ತಾರಂತೆ ಎಂಬ ವದಂತಿ ಮಲೆನಾಡು ಸುತ್ತಿತು.

2024ರಲ್ಲಿ ವಯನಾಡು, ಶಿರೂರು ಗುಡ್ಡಗಳು ಕುಸಿದ ಮೇಲೂ ಕರ್ನಾಟಕ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಒಪ್ಪದಿರುವ ಹಕ್ಕು ರಾಜ್ಯ ಸರ್ಕಾರಕ್ಕಿದೆ. ಆದರೆ ಯಾವ ಅಂಕಿಅಂಶವನ್ನು ಒಪ್ಪುತ್ತಿಲ್ಲ, ಯಾರ ಹಿತಕ್ಕಾಗಿ ಎಂಬುದನ್ನು ತಾಲ್ಲೂಕುವಾರು ಬರೆದು, ಎರಡೂ ವರದಿಗಳ ಜೊತೆ ಪ್ರತಿ ಗ್ರಾಮಸಭೆಯ ಮುಂದಿಡಲಿ.