ಗಲ್ಫಿಗೆ ಹೊರಟ ಮದುಮಗಳ ಕೈಚೀಲದಲ್ಲಿ ಏನಿದೆ?

ಗಲ್ಫಿನಿಂದ ಒಂದು ತಿಂಗಳ ರಜೆಯಲ್ಲಿ ಬಂದ ಹುಡುಗ ಐದನೇ ದಿನ ಹುಡುಗಿ ನೋಡಿ, ಹದಿನೈದನೇ ದಿನ ನಿಕಾಹ್ ಮುಗಿಸಿ, ಮೂವತ್ತನೇ ದಿನ ವಿಮಾನ ಹತ್ತುವುದು ನಮಗೇನೂ ಹೊಸತಲ್ಲ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಹುಡುಗಿಯೂ ಹೋಗುತ್ತಾಳೆ. ನಮ್ಮ ಕೊರವಂಗಲದ ಕಡೆಯಿಂದ ಎರಡು ಕಾರು ಮಾಡ್ಕೊಂಡು, ಶಿರಾಡಿ ಘಾಟಿ ಇಳಿದು, ಮಂಗಳೂರು ವಿಮಾನ ನಿಲ್ದಾಣದ ತನಕ ಮನೆಮಂದಿಯೆಲ್ಲ ಹೋಗಿ ಕಳಿಸಿ ಬರುತ್ತೇವೆ. ಪೆಟ್ಟಿಗೆಯಲ್ಲಿ ಒಣಮೀನು, ಉಪ್ಪಿನಕಾಯಿ, ಮಾಮಿ ಹುರಿದು ಪುಡಿ ಮಾಡಿಕೊಟ್ಟ ಮಸಾಲೆ. ತೂಕ ಜಾಸ್ತಿಯಾಯಿತೋ ಏನೋ ಅಂತ ಮನೆಯಲ್ಲೇ ಮೂರು ಸಲ ತೂಗಿ ನೋಡುತ್ತೇವೆ. ಅವಳ ಕೈಚೀಲದಲ್ಲಿ ಏನಿದೆ ಎಂದು ಮಾತ್ರ ಯಾರೂ ನೋಡುವುದಿಲ್ಲ.

ನಮ್ಮಲ್ಲಿ ಮದ್ರಸ ಕಲಿತ ಒಬ್ಬಳು ಹೆಣ್ಣುಮಗಳ ವಿಷಯ ಹೇಳುತ್ತೇವೆ. ಹೆಸರು ಬೇಡ. ಮದುವೆಯಾಗಿ ಶಾರ್ಜಾಕ್ಕೆ ಹೋದಳು. ಗಂಡನ ಕೆಲಸ ದುಬೈಯಲ್ಲಿ. ದುಬೈಗಿಂತ ಬಾಡಿಗೆ ಕಡಿಮೆ ಅಂತ ನಮ್ಮವರು ಬಹಳ ಮಂದಿ ಶಾರ್ಜಾದಲ್ಲೇ ಮನೆ ಮಾಡುವುದು. ಬೆಳಿಗ್ಗೆ ಆರಕ್ಕೆ ಹೊರಟರೆ ರಸ್ತೆಯ ಟ್ರಾಫಿಕ್ ದಾಟಿ ಮನೆ ಸೇರುವಾಗ ರಾತ್ರಿ ಎಂಟು. ಹೋಗಿ ಮೂರನೇ ವಾರ, ಗಂಡ ಇಲ್ಲದ ಹೊತ್ತಿನಲ್ಲಿ, ಈ ಹುಡುಗಿಗೆ ಹೊಟ್ಟೆನೋವು ಬಂದು ರಕ್ತಸ್ರಾವ ಶುರುವಾಯಿತು. ಗಂಡನ ಫೋನ್ ಸ್ವಿಚ್ ಆಫ್, ಸೈಟಿನಲ್ಲಿ ಫೋನ್ ಒಳಗೆ ಬಿಡುವುದಿಲ್ಲವಂತೆ. ಅವಳು ಫೋನ್ ಮಾಡಿದ್ದು ಎಲ್ಲಿಗೆ? ಇಲ್ಲಿಗೆ, ಉಮ್ಮನಿಗೆ. ಉಮ್ಮ ನಮ್ಮ ಮನೆಗೆ ಓಡಿ ಬಂದರು. ಗಲ್ಫಿನಲ್ಲಿ ನಮಗೆ ಗೊತ್ತಿರುವ ಒಬ್ಬರಿಗೆ ನಾವು ಫೋನ್ ಹಚ್ಚಿದೆವು. ಅವರು ಕೇಳಿದ್ದು ಒಂದೇ ಮಾತು: "ಉಸ್ತಾದ್, ಬಿಲ್ಡಿಂಗ್ ಯಾವುದು?"

ಅವಳಿಗೆ ಗೊತ್ತಿರಲಿಲ್ಲ. ಬಿಲ್ಡಿಂಗಿನ ಹೆಸರಿಲ್ಲ, ಬೀದಿ ಗೊತ್ತಿಲ್ಲ. "ಕೆಳಗೆ ಒಂದು ಕೆಫೆಟೇರಿಯಾ ಉಂಟು" ಎಂದಳು. ಶಾರ್ಜಾದಲ್ಲಿ ಯಾವ ಕಟ್ಟಡದ ಕೆಳಗೆ ಕೆಫೆಟೇರಿಯಾ ಇಲ್ಲ ಹೇಳಿ! ಆಂಬುಲೆನ್ಸಿಗೆ 998 ಒತ್ತಬೇಕು ಎಂಬುದನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ. ಒತ್ತಿದ್ದರೂ ಎಲ್ಲಿಗೆ ಬನ್ನಿ ಅಂತ ಹೇಳುವುದು? ಕೊನೆಗೆ ಅವಳೇ ಬಾಗಿಲು ತೆಗೆದು ಎದುರು ಫ್ಲಾಟಿನ ಬೆಲ್ ಒತ್ತಿದಳು. ಒಬ್ಬರು ಮಲಯಾಳಿ ಚೇಚಿ ಬಾಗಿಲು ತೆಗೆದರು. ಇವಳು ಬ್ಯಾರಿ ಭಾಷೆಯಲ್ಲಿ ಅತ್ತದ್ದು ಅವರಿಗೆ ಅರ್ಥವಾಯಿತು. ನಮ್ಮ ಭಾಷೆಗೆ ಮಲಯಾಳದ ನಂಟಿರುವುದು ಆ ದಿನ ಅವಳ ಜೀವ ಕಾಪಾಡಿತು ಅಂದರೆ ತಪ್ಪಲ್ಲ. ಹುಡುಗಿ ಉಳಿದಳು, ಅಲ್‌ಹಮ್ದುಲಿಲ್ಲಾಹ್. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ಆಮೇಲೆ ಮನೆಯವರೆಲ್ಲ ಗಂಡನನ್ನು ಬೈದರು. ನಾವೂ ಮೊದಲು ಹಾಗೇ ಯೋಚಿಸಿದ್ದೆವು. ಆದರೆ ಆ ಹುಡುಗನೊಡನೆ ಮಾತಾಡಿದ ಮೇಲೆ ಅನಿಸಿದ್ದು ಬೇರೆ. ಮದುವೆಗೆ ಮಾಡಿದ ಸಾಲದ ಕಂತು ಅವನ ತಲೆ ಮೇಲೆ. ಊರಿಗೆ ಕಳಿಸುವ ಹಣದಲ್ಲಿ ಒಂದು ರೂಪಾಯಿ ಕಡಿಮೆಯಾದರೂ "ಹೆಂಡತಿ ಬಂದ ಮೇಲೆ ಬದಲಾದ" ಎಂಬ ಮಾತು. ಓವರ್‌ಟೈಮ್ ಬಿಡುವ ಹಾಗಿಲ್ಲ. ಹೆಂಡತಿಗೆ ಬೀದಿ ತೋರಿಸಲು ಒಂದು ಸಂಜೆಯೂ ಅವನಲ್ಲಿ ಇರಲಿಲ್ಲ. ಆ ಸಂಜೆಯನ್ನು ಕಿತ್ತುಕೊಂಡದ್ದು ಇಲ್ಲಿರುವ ನಾವು.

ಹೊಸ ಜೋಡಿ ಅಲ್ಲಿ ಹೇಗೆ ಬದುಕುತ್ತದೆ ಎಂಬುದು ಹೆಚ್ಚುಕಮ್ಮಿ ಇಲ್ಲೇ, ವಿಮಾನ ಹತ್ತುವ ಮುಂಚೆಯೇ ತೀರ್ಮಾನವಾಗಿರುತ್ತದೆ ಎಂದು ನಾವು ಹೇಳುವುದು ಅದಕ್ಕೇ. ಮೊದಲನೆಯದು ಸಂಬಳದ ಮಾತು. ಯುಎಇಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಗಂಡನಿಗೆ ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇರಬೇಕು. ಸೌದಿಯಲ್ಲಿ ಜೊತೆಗಿರುವ ಪ್ರತಿ ಅವಲಂಬಿತರಿಗೂ ಸರಕಾರಕ್ಕೆ ಶುಲ್ಕ ಕಟ್ಟಬೇಕು. 2017ರ ಜುಲೈಯಲ್ಲಿ ತಿಂಗಳಿಗೆ 100 ರಿಯಾಲ್‌ನಿಂದ ಶುರುವಾದದ್ದು ವರ್ಷ ವರ್ಷ ಏರಿ 2020ಕ್ಕೆ 400 ರಿಯಾಲ್ ಆಯಿತು. ಹೆಂಡತಿಯೊಬ್ಬಳಿಗೇ ವರ್ಷಕ್ಕೆ 4,800 ರಿಯಾಲ್, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುತ್ತದೆ. ಇದು ಊಟಕ್ಕೂ ಬಾಡಿಗೆಗೂ ಮುಂಚಿನ ಖರ್ಚು. ಹುಡುಗಿಯ ಬಾಪನವರು ಹುಡುಗನ ಕಡೆಯವರಲ್ಲಿ "ಲೇಬರ್ ಕಾಂಟ್ರಾಕ್ಟ್ ತೋರಿಸಿ" ಎಂದು ಕೇಳಿದರೆ ಅದು ಅವಮಾನ ಅಂತ ನಮ್ಮಲ್ಲಿ ಒಂದು ಭಾವನೆ ಉಂಟು. ಚಿನ್ನ ಎಷ್ಟು ಪವನ್ ಅಂತ ಕೇಳುವಾಗ ಯಾರಿಗೂ ಅವಮಾನ ಆಗುವುದಿಲ್ಲ, ಅದೊಂದು ಆಶ್ಚರ್ಯ.

ವಸತಿಯ ವಿಷಯ ಫಿಕ್ಹ್‌ನದ್ದೇ. ಊಟ, ಬಟ್ಟೆ, ವಾಸ, ಈ ಮೂರೂ ಗಂಡನ ಹೊಣೆ ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಆದರೆ ಒಂದು ಫ್ಲಾಟಿಗೆ ಪ್ಲೈವುಡ್ ಪಾರ್ಟಿಷನ್ ಹಾಕಿ ಮಾಡಿದ ಕೋಣೆ, ಗುರುತಿಲ್ಲದ ಗಂಡಸರು ಓಡಾಡುವ ಹಾಲ್, ನಾಲ್ಕು ಸಂಸಾರಕ್ಕೆ ಒಂದೇ ಅಡಿಗೆಮನೆ, ಅಲ್ಲಿಗೆ ಹೊಸ ಮದುಮಗಳನ್ನು ಕರೆದುಕೊಂಡು ಹೋದರೆ ಅವಳು ಹಗಲಿಡೀ ಚಿಲಕ ಹಾಕ್ಕೊಂಡು ಕೂರಬೇಕು. ಇಂಥ ಪಾರ್ಟಿಷನ್‌ಗಳಿಗೆ ಅಲ್ಲಿನ ಮುನ್ಸಿಪಾಲಿಟಿಯ ಅನುಮತಿಯೂ ಇರುವುದಿಲ್ಲ. ಅಲ್ಲಿ ಬಾಡಿಗೆಗೆ ವರ್ಷದ ಚೆಕ್‌ಗಳನ್ನು ಮುಂಗಡ ಬರೆದು ಕೊಡಬೇಕಾಗುತ್ತದೆ. ಅಷ್ಟು ಹಣ ಒಟ್ಟಾಗುವ ತನಕ ಆರು ತಿಂಗಳು ತಡವಾದರೆ ಆಗಲಿ, ಊರಲ್ಲಿ ನಾಲ್ಕು ಮಾತು ಬಂದರೆ ಬರಲಿ. ವಿಸಿಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಆಮೇಲೆ ನೋಡುವಾ ಅನ್ನುವವರಿಗೆ ಒಂದು ಮಾತು: ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ.

ಇನ್ನು ಕಾಗದಪತ್ರ. ನಮ್ಮ ಬಳಿಗೆ ಹೆಚ್ಚು ಬರುವ ಗೋಳು ಇದೇ. ನಿಕಾಹ್ ದಫ್ತರಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಫಾತಿಮತ್, ಫಾತಿಮ, ಫಾತಿಮಾ. ಮನೆಯಲ್ಲಿ ಕರೆಯಲು ಮೂರೂ ಒಂದೇ, ವೀಸಾ ಕೌಂಟರಿನಲ್ಲಿ ಮೂವರು ಬೇರೆ ಬೇರೆ ಹೆಂಗಸರು. ನಮ್ಮ ಹೆಣ್ಣುಮಕ್ಕಳಲ್ಲಿ ಒಂದೇ ಪದದ ಹೆಸರಿರುವವರೂ ಕಡಿಮೆಯಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗಬಹುದು ಎಂದು ಸಡಿಲ ಮಾಡಿದರು. ಆದರೂ ಪಾಸ್‌ಪೋರ್ಟ್ ಅರ್ಜಿ ತುಂಬುವಾಗಲೇ ಸರಿಯಾಗಿ ಬರೆಸುವುದು ಒಳ್ಳೆಯದು.

ಮಸೀದಿಯ ನಿಕಾಹ್ ಸರ್ಟಿಫಿಕೇಟೇ ಸಾಕು ಎಂದು ಇವತ್ತಿಗೂ ನಂಬಿದವರಿದ್ದಾರೆ. 2023ರ ಆಗಸ್ಟಿನಲ್ಲಿ ರಾಜ್ಯ ಸರಕಾರ ವಕ್ಫ್ ಕಚೇರಿಯಿಂದ ಮದುವೆ ಸರ್ಟಿಫಿಕೇಟ್ ಕೊಡಬಹುದು ಎಂದು ಆದೇಶ ಮಾಡಿದಾಗ ನಾವೂ ಸಂತೋಷಪಟ್ಟೆವು. 2024ರ ನವೆಂಬರಿನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸುವುದೇ ನೇರ ದಾರಿ. ಅಲ್ಲಿಂದ ರಾಜ್ಯದ ದೃಢೀಕರಣ, ಮತ್ತೆ ವಿದೇಶಾಂಗ ಸಚಿವಾಲಯ. ಸೌದಿ 2022ರ ಡಿಸೆಂಬರಿನಿಂದ ಅಪೋಸ್ಟಿಲ್ ಒಪ್ಪುತ್ತದೆ. ಯುಎಇಗೆ ಅದರ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು. ಮದುಮಗ ರಜೆಯಲ್ಲಿರುವಾಗಲೇ ಇಬ್ಬರೂ ಹೋಗಿ ಸಹಿ ಹಾಕಿ ಬಂದರೆ ಮುಂದಿನ ಆರು ತಿಂಗಳ ಅಲೆದಾಟ ತಪ್ಪುತ್ತದೆ. ಸತ್ಕಾರದ ಊಟಕ್ಕೆ ಹತ್ತು ಮನೆ ಸುತ್ತುತ್ತಾರಲ್ಲ, ಅದರಲ್ಲಿ ಒಂದು ಮಧ್ಯಾಹ್ನ ಸಾಕು.

ಈ ಕಾಗದಗಳ ಒಂದು ಪ್ರತಿ ಹುಡುಗಿಯ ಕೈಯಲ್ಲಿರಬೇಕು, ಗಂಡನ ಫೋನಿನಲ್ಲಿ ಮಾತ್ರ ಅಲ್ಲ. ಅವಳ ಎಮಿರೇಟ್ಸ್ ಐಡಿ ಅವಳ ಪರ್ಸಿನಲ್ಲಿರಬೇಕು. ಅವಳ ಹೆಸರಲ್ಲೇ ಒಂದು ಸಿಮ್ ಇರಲಿ. ದುಬೈ ಮೆಟ್ರೋದಲ್ಲಿ ಹೆಂಗಸರು ಮಕ್ಕಳಿಗೆ ಬೇರೆ ಜಾಗ ಇದೆ, ನೋಲ್ ಕಾರ್ಡ್ ಒಂದು ಇದ್ದರೆ ಒಬ್ಬಳೇ ಹೋಗಿ ಬರಬಹುದು. "ಹೆಣ್ಣುಮಗಳು ಒಬ್ಬಳೇ ಓಡಾಡುವುದು ಕಲಿತರೆ ಕೈಮೀರುತ್ತಾಳೆ" ಎನ್ನುವ ಹಿರಿಯರಿಗೆ ನಾವು ಆ ಶಾರ್ಜಾದ ಹುಡುಗಿಯ ಕಥೆ ಹೇಳುತ್ತೇವೆ. ಅವರು ಸುಮ್ಮನಾಗುತ್ತಾರೆ.

ಹೆರಿಗೆಗೆ ಊರಿಗೆ ಬಂದವರದ್ದು ಇನ್ನೊಂದು ಬಗೆ. ನಲವತ್ತು ಮುಗಿಯಲಿ, ಮಳೆ ನಿಲ್ಲಲಿ, ತಂಗಿಯ ಮದುವೆ ಆಗಲಿ ಅಂತ ದಿನ ದೂಡುತ್ತೇವೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಯುಎಇ ರೆಸಿಡೆನ್ಸಿ ವೀಸಾ ರದ್ದಾಗುತ್ತದೆ, ಪುನಃ ಮೊದಲಿನಿಂದ ಎಲ್ಲ. ಮೊಮ್ಮಗುವಿನ ಮುಖ ನೋಡುವ ಆಸೆಯಲ್ಲಿ ಕ್ಯಾಲೆಂಡರ್ ನೋಡಲು ಮರೆತ ಮನೆಗಳು ನಮ್ಮ ಜಮಾಅತ್‌ನಲ್ಲೇ ಎರಡಿವೆ.

ಫೋನಿನ ಬಗ್ಗೆಯೂ ಹೇಳಲೇಬೇಕು. ಬೆಳಿಗ್ಗೆ ಉಮ್ಮ, ಮಧ್ಯಾಹ್ನ ಮಾಮಿ, ಸಂಜೆ ನಾದಿನಿ. ಸಾರಿಗೆ ಏನು ಹಾಕಿದೆ, ಅವನಿಗೆ ಏನು ಕೊಟ್ಟೆ, ಯಾಕೆ ಮುಖ ಬಾಡಿದೆ. ಪ್ರೀತಿಯಿಂದಲೇ ಕೇಳುವುದು, ಸರಿ. ಆದರೆ ದಿನವಿಡೀ ಊರಿನ ಜೊತೆ ವಿಡಿಯೋದಲ್ಲಿ ಇರುವ ಹುಡುಗಿ ಎದುರು ಫ್ಲಾಟಿನ ಬಾಗಿಲು ಯಾವಾಗ ತಟ್ಟುವುದು? ಗಂಡ ಹೆಂಡತಿ ತಮ್ಮೊಳಗಿನ ಒಂದು ಸಣ್ಣ ಜಗಳ ತಾವೇ ಮುಗಿಸುವ ಮುಂಚೆ ಅದು ಹಾಸನಕ್ಕೂ ಉಪ್ಪಿನಂಗಡಿಗೂ ಮುಟ್ಟಿರುತ್ತದೆ.

ನಮ್ಮ ಅಜ್ಜಂದಿರು ವ್ಯಾಪಾರ ಅಂತ ಕರಾವಳಿಯಿಂದ ಘಟ್ಟ ಹತ್ತಿದವರು. ಅವರ ಹಿಂದೆ ಬಂದ ಅಜ್ಜಿಯಂದಿರಿಗೆ ಈ ರಾಗಿ, ಆಲೂಗಡ್ಡೆಯ ಊರೂ ಪರದೇಶವೇ ಆಗಿತ್ತು. ಕುಚ್ಚಲಕ್ಕಿ ಇಲ್ಲ, ಹಸಿಮೀನು ಇಲ್ಲ, ಭಾಷೆ ಬೇರೆ. ನಮ್ಮ ಅಜ್ಜಿ ಪಕ್ಕದ ಮನೆಯ ಗೌಡರ ಹೆಂಗಸಿನ ಹತ್ತಿರ ಮುದ್ದೆ ತಿರುವುದು ಕಲಿತು, ಅವರಿಗೆ ಪತ್ತಿರ್ ತಟ್ಟುವುದು ಕಲಿಸಿದ್ದರು. ಆಗ ಫೋನ್ ಇರಲಿಲ್ಲ, ಕಾಗದ ಬರೆಯಲು ಅಜ್ಜಿಗೆ ಬರುತ್ತಿರಲಿಲ್ಲ. ಪಕ್ಕದ ಮನೆಯೇ ಗತಿ.

ಕಳೆದ ವಾರ ಇನ್ನೊಬ್ಬಳು ಹುಡುಗಿ ಹೊರಡುವ ಮುಂಚೆ ಸಲಾಮ್ ಹೇಳಿ ದುಆ ಕೇಳಲು ಬಂದಿದ್ದಳು, ಜೊತೆಗೆ ಬಾಪ. "ಬಿಲ್ಡಿಂಗಿನ ಹೆಸರೇನಮ್ಮಾ?" ಎಂದು ಕೇಳಿದೆವು. ಅವಳು ಬಾಪನ ಮುಖ ನೋಡಿದಳು, ಬಾಪ ನಮ್ಮ ಮುಖ ನೋಡಿದರು. ಅಲ್ಲೇ ಕೂತು ಗಂಡನಿಗೆ ಫೋನ್ ಮಾಡಿಸಿದೆವು. ಬಿಲ್ಡಿಂಗಿನ ಹೆಸರು, ಮಹಡಿ, ಫ್ಲಾಟ್ ನಂಬರ್, ಹತ್ತಿರದ ಮಸೀದಿ, ಕೆಳಗಿನ ಅಂಗಡಿ, ಗಂಡನ ಕಂಪೆನಿಯ ಫೋನ್, 998. ಮದ್ರಸದ ನೋಟ್ ಪುಸ್ತಕದ ಒಂದು ಹಾಳೆ ಹರಿದು ಕೊಟ್ಟೆವು. ಅವಳು ತನ್ನ ಕೈಯಲ್ಲೇ ಬರೆದು, ಮಡಚಿ, ಕೈಚೀಲದೊಳಗೆ ಇಟ್ಟುಕೊಂಡಳು. ದುಆ ಮಾಡಿದ್ದು ಆಮೇಲೆ.