ಬಂಡೆಗೆ ಕಚ್ಚಿದ ಬಸವನಹುಳು

ಮಳೆ ಹೊಯ್ದ ಮರುದಿನ ಬಾಶೆಟ್ಟಿಹಳ್ಳಿಯ ಹೊಲದ ಬದುಗಳಲ್ಲಿ ತೆವಳುವ ಬಸವನಹುಳುವನ್ನು ಕಾಣದ ಮಕ್ಕಳಿಲ್ಲ. ಇದಕ್ಕೊಬ್ಬ ನೆಂಟ ಕಡಲ ಬಂಡೆಗಳ ಮೇಲಿದ್ದಾನೆ. ಶಾಲಾ ಪ್ರವಾಸದಲ್ಲಿ ಮಲ್ಪೆಗೋ ಸೋಮೇಶ್ವರಕ್ಕೋ ಹೋದವರು ನೀರಿಳಿದ ಬಂಡೆಗಳನ್ನು ಬಾಗಿ ನೋಡಬೇಕು. ಬೋರಲು ಹಾಕಿದ ಪುಟ್ಟ ಬಟ್ಟಲಿನಂಥ ಚಿಪ್ಪುಗಳು ಕಚ್ಚಿಕೊಂಡಿರುತ್ತವೆ. ಸುರುಳಿಯಿಲ್ಲದ ಇದನ್ನು ಬಸವನಹುಳುವಿನ ಜಾತಿಯೆಂದು ನಂಬುವುದೇ ಕಷ್ಟ. ಹೆಸರು ಲಿಂಪೆಟ್, ಪಶ್ಚಿಮ ಕರಾವಳಿಯಲ್ಲಿ ಕಾಣುವ ಒಂದು ಬಗೆ ಸೆಲ್ಲಾನಾ ರೇಡಿಯೇಟಾ.

ಬಂಡೆಯ ಪಾಚಿಯೇ ಇದರ ಆಹಾರ. ಅದನ್ನು ಕೆರೆಯಲು ನಾಲಿಗೆಯಂಥ ಪಟ್ಟಿ, ಅದರ ಮೇಲೆ ಒಂದು ಮಿಲಿಮೀಟರಿಗೂ ಚಿಕ್ಕ ಹಲ್ಲುಗಳ ಸಾಲು. ಹಲ್ಲಿನಲ್ಲಿರುವುದು ಗೋಥೈಟ್ ಎಂಬ ಕಬ್ಬಿಣದ ಖನಿಜ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಯೂರೋಪಿನ ಲಿಂಪೆಟ್ಟಿನ ಹಲ್ಲನ್ನು ಎಳೆದು ಪರೀಕ್ಷಿಸಿ, ಅದು ಜೇಡರ ನೂಲಿಗಿಂತಲೂ ಗಟ್ಟಿ ಎಂದು 2015ರಲ್ಲಿ ಪ್ರಕಟಿಸಿದರು. ಪಾಚಿ ತಿನ್ನಲು ಇಷ್ಟೊಂದು ಸಿದ್ಧತೆ!

ಇಳಿತದ ವೇಳೆ ಬಂಡೆ ಕಾಯುತ್ತದೆ. ಆಗ ಲಿಂಪೆಟ್ ತನ್ನ ಅಗಲವಾದ ಪಾದದಿಂದ ಕಲ್ಲನ್ನು ಬಿಗಿಹಿಡಿದು, ಚಿಪ್ಪಿನೊಳಗೆ ತುಸು ನೀರು ಉಳಿಸಿಕೊಳ್ಳುತ್ತದೆ. ಮುಂದಿನ ಉಬ್ಬರದವರೆಗೆ ಕಿವಿರು ಒಣಗದಂತೆ ಕಾಯುವುದು ಆ ನೀರೇ. ಹಲವು ಲಿಂಪೆಟ್‌ಗಳು ಮೇಯ್ದು ಬಂದು ಮೊದಲಿದ್ದ ಜಾಗದಲ್ಲೇ ಕೂರುತ್ತವೆ. ಚಿಪ್ಪಿನ ಅಂಚು ಆ ಕಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಂಡೇ ಬೆಳೆದಿರುತ್ತದೆ.

ಪ್ರವಾಸದ ಹುಮ್ಮಸ್ಸಿನಲ್ಲಿ ಮಕ್ಕಳು ಇದನ್ನು ಕಡ್ಡಿಯಿಂದ ಮೀಟಿ, ಕಿತ್ತು ನೋಡಿ, ಪಕ್ಕದ ಬಂಡೆಯ ಮೇಲಿಡುತ್ತಾರೆ. ಜೊತೆಗಿದ್ದ ದೊಡ್ಡವರೂ ಸುಮ್ಮನಿರುತ್ತಾರೆ. ಪಾದ ಹರಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಹರಿಯದಿದ್ದರೂ ಹೊಸ ಕಲ್ಲಿಗೆ ಅಂಚು ಕೂಡದೆ ನೀರು ಸೋರಿ, ಮಧ್ಯಾಹ್ನದ ಬಿಸಿಲಿಗೆ ಒಣಗಿ ಸಾಯಬಹುದು. ಶಾಲೆಯ ಕಪಾಟಿಗೆ ಚಿಪ್ಪು ಬೇಕಿದ್ದರೆ, ಅಲೆಗಳು ತಂದೊಗೆದ ಖಾಲಿ ಚಿಪ್ಪುಗಳು ಮರಳಿನಲ್ಲೇ ಸಿಗುತ್ತವೆ.